ಗಿಡದ ಜೊತೆ ಬರುವವರು

“ನಮ್ಮ ತೋಟದಲ್ಲಿ ಈ ಊರಿನದ್ದೇ ಅಂತ ಯಾವುದುಂಟು, ಹೇಳಿ ನೋಡುವ?” ಹೊಸ ಹಣ್ಣಿನ ಗಿಡಗಳ ಮರುಳು ಹತ್ತಿಸಿಕೊಂಡ ಕೃಷಿಕರ ಜೊತೆ ಮಾತಿಗೆ ಕೂತರೆ ಪುತ್ತೂರು ಕಡೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಪ್ರಶ್ನೆಯಲ್ಲಿ ನ್ಯಾಯ ಇದೆ. ಗುಡ್ಡೆಯ ಗೇರು ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲಿನಿಂದ ಬಂದದ್ದು. ಅದರಾಚೆಯ ರಬ್ಬರ್ ಅಮೆಜಾನ್ ಕಾಡಿನದ್ದು, ಅಡಿಕೆಯ ನೆರಳಲ್ಲಿ ನಿಂತ ಕೊಕ್ಕೊ ಕೂಡ ಅಲ್ಲಿಯದ್ದೇ. ಪಪ್ಪಾಯಿ, ಅನಾನಸು, ಮರಗೆಣಸು, ಹಸಿಮೆಣಸು ಎಲ್ಲ ಅಮೆರಿಕ ಖಂಡದವು. ನಮ್ಮ ಮರ್ಯಾದೆಯ ಬೆಳೆಯಾದ ಅಡಿಕೆಯ ಮೂಲವನ್ನೂ ಸಸ್ಯವಿಜ್ಞಾನಿಗಳು ಆಗ್ನೇಯ ಏಷ್ಯಾದಲ್ಲಿ ಗುರುತಿಸುತ್ತಾರೆ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಬೇಲಿಬದಿಯ ಪುನರ್ಪುಳಿ, ಕಾಟುಮಾವು, ಹಲಸು, ಇಷ್ಟನ್ನು ಬಿಟ್ಟರೆ ಘಟ್ಟದ ಬುಡದ ತೋಟವೆಂದರೆ ಬಹುಮಟ್ಟಿಗೆ ವಲಸೆ ಬಂದವರ ಸಭೆ. “ಹೀಗಿರುವಾಗ ಮಲೇಷ್ಯಾದಿಂದ ನಾಲ್ಕು ಡುರಿಯನ್ ಕಸಿ ತಂದರೆ ಸರಕಾರಕ್ಕೆ ಏನು ನಷ್ಟ?”

ಸರಕಾರಕ್ಕೆ ಡುರಿಯನ್ ಮೇಲೆ ಸಿಟ್ಟಿಲ್ಲ. ಗಿಡದ ಬೇರಿನ ಮಣ್ಣಿನಲ್ಲಿ, ಎಲೆಯ ಅಡಿಯಲ್ಲಿ, ಕಾಂಡದ ರಸದಲ್ಲಿ ಟಿಕೆಟಿಲ್ಲದೆ ಪ್ರಯಾಣ ಮಾಡುವವರ ಮೇಲೆ ಅದರ ಕಣ್ಣು. ಗೇರು, ರಬ್ಬರ್, ಕೊಕ್ಕೊ ಇಲ್ಲಿ ಇಷ್ಟು ಸುಖವಾಗಿ ಬೆಳೆಯಲು ಮುಖ್ಯ ಕಾರಣವೆಂದರೆ ಅವು ಬರುವಾಗ ತವರಿನ ಶತ್ರುಗಳಲ್ಲಿ ಹೆಚ್ಚಿನವರನ್ನು ಅಲ್ಲೇ ಬಿಟ್ಟು ಬಂದವು. ಹೊರದೇಶದ ಗಿಡ ತರುವುದರ ಮೇಲಿನ ಕಾಯಿದೆ ಹೇಳುವುದು, ಬಿಟ್ಟು ಬಂದವರನ್ನು ಈಗ ಕರೆತರಬೇಡಿ ಎಂದು.

ಈ ಕಾಯಿದೆ ಹೊಸದಲ್ಲ. ಅಮೆರಿಕದ ಹತ್ತಿ ಹೊಲಗಳನ್ನು ಮೆಕ್ಸಿಕೋದ ಮೂತಿಹುಳ ತಿಂದುಹಾಕುತ್ತಿದ್ದ ಕಾಲದಲ್ಲಿ, 1906ರಲ್ಲಿ, ಅಲ್ಲಿಂದ ಬರುವ ಹತ್ತಿಯನ್ನು ಮುಂಬಯಿ ಬಂದರಿನಲ್ಲಿ ಹೊಗೆ ಹಾಕಿಯೇ ಒಳಬಿಡಬೇಕೆಂದು ಬ್ರಿಟಿಷ್ ಸರಕಾರ ಆದೇಶ ಮಾಡಿತು. ಆ ಹುಳ ಇವತ್ತಿಗೂ ಭಾರತಕ್ಕೆ ಬಂದಿಲ್ಲ. 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ಬಂತು. ಈಗ ಜಾರಿಯಲ್ಲಿರುವ 2003ರ ಸಸ್ಯ ಕ್ವಾರಂಟೈನ್ ಆದೇಶ ಹೊರಟದ್ದು ಅದೇ ಹಳೆಯ ಕಾಯಿದೆಯ ಕೆಳಗೆ. ಅದರಲ್ಲಿ ಪಟ್ಟಿಗಳ ಮೇಲೆ ಪಟ್ಟಿ: ಇಂಥ ದೇಶದಿಂದ ಇಂಥ ಗಿಡ ತರಲೇಬಾರದು, ಇಂಥದ್ದನ್ನು ಸಂಶೋಧನಾ ಸಂಸ್ಥೆಗಳ ಶಿಫಾರಸಿನ ಮೇಲೆ ಮಾತ್ರ ತರಬಹುದು, ಇಂಥದ್ದನ್ನು ಷರತ್ತುಗಳೊಡನೆ ತರಬಹುದು. ಪಟ್ಟಿಯಲ್ಲೇ ಇಲ್ಲದ ಗಿಡವಾದರೆ ಅದರ ಜೊತೆ ಯಾವ ಪೀಡೆ ಬರಬಹುದೆಂಬ ಅಧ್ಯಯನ ಮೊದಲು ಆಗಬೇಕು. ಆಮದು ಪರವಾನಿಗೆ ಬೇಕು, ಕಳಿಸುವ ದೇಶದ ಆರೋಗ್ಯ ಪ್ರಮಾಣಪತ್ರ ಬೇಕು, ಬಂದ ಗಿಡ ನಿಗದಿತ ಬಂದರು ಅಥವಾ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು. ಗಿಡದ ಜೊತೆ ಮಣ್ಣು ಬರುವಂತಿಲ್ಲ. ಇಳಿದ ಮೇಲೂ ಪ್ರತ್ಯೇಕವಾಗಿಟ್ಟು ನೋಡುವ ಅವಧಿ ಇದೆ. ಕ್ವಾರಂಟೈನ್ ಎಂದರೇನೆಂದು ಕೊರೊನಾ ಕಾಲದ ನಂತರ ಯಾರಿಗೂ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಗಲಾಟೆ ಯಾಕೆಂದು ತಿಳಿಯಲು ಸುಳ್ಯದ ರಬ್ಬರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಅಮೆಜಾನಿನ ಉಪನದಿ ಟಪಜೋಸಿನ ದಡದ ಕಾಡಿನಿಂದ ಸುಮಾರು 70,000 ರಬ್ಬರ್ ಬೀಜ ಒಟ್ಟುಮಾಡಿ ಹಡಗಿಗೆ ಏರಿಸಿದ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಬಿತ್ತಿದಾಗ ಮೊಳೆತದ್ದು ನೂರಕ್ಕೆ ನಾಲ್ಕರಷ್ಟೂ ಇಲ್ಲ. ಅಲ್ಲಿಂದ ಸಿಲೋನ್‌ಗೆ, ಮಲಯಕ್ಕೆ ಹೋದ ಆ ಕೆಲವು ಸಾವಿರ ಸಸಿಗಳ ಸಂತಾನವೇ ಏಷ್ಯಾದ ರಬ್ಬರ್ ತೋಟಗಳ ಬಹುಪಾಲು. ಕೇರಳದಿಂದ ವಲಸೆ ಬಂದವರು ಕಡಬ, ನೆಲ್ಯಾಡಿ ಕಡೆಯ ಗುಡ್ಡೆಗಳಲ್ಲಿ ನೆಟ್ಟದ್ದು ಅದನ್ನೇ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರಿನಲ್ಲಿ ಬೆಳೆಸಿದ ರಬ್ಬರ್ ಕೂಡ ಅದೇ.

ಇನ್ನು ತವರಿನ ಕಥೆ ನೋಡಿ. ಅಮೆಜಾನ್ ಕಾಡಿನಲ್ಲಿ ರಬ್ಬರ್ ಮರಗಳು ಒತ್ತೊತ್ತಾಗಿ ಇರುವುದಿಲ್ಲ. ಇಲ್ಲೊಂದು, ದೂರದಲ್ಲಿ ಇನ್ನೊಂದು. ಅಲ್ಲಿ ಅದರ ಎಲೆ ತಿನ್ನುವ ಒಂದು ಶಿಲೀಂಧ್ರವಿದೆ. ಅದರಿಂದ ಬರುವ ರೋಗವೇ ದಕ್ಷಿಣ ಅಮೆರಿಕದ ಎಲೆ ಅಂಗಮಾರಿ. ಮರ ಮರಕ್ಕೆ ದೂರವಿರುವುದರಿಂದ ಕಾಡಿನಲ್ಲಿ ಅದರ ಆಟ ಹೆಚ್ಚು ನಡೆಯುವುದಿಲ್ಲ. ಕಾರಿನ ಟಯರಿಗೆ ತನ್ನದೇ ರಬ್ಬರ್ ಬೇಕೆಂದು ಹೆನ್ರಿ ಫೋರ್ಡ್ 1928ರಲ್ಲಿ ಅದೇ ಟಪಜೋಸ್ ದಡದಲ್ಲಿ ‘ಫೋರ್ಡ್‌ಲಾಂಡಿಯಾ’ ಎಂಬ ಊರನ್ನೇ ಕಟ್ಟಿ ಸಾಲಾಗಿ ರಬ್ಬರ್ ನೆಡಿಸಿದ. ಮರಗಳ ಕೊಂಬೆಗೆ ಕೊಂಬೆ ತಾಗುವ ಹೊತ್ತಿಗೆ ಅಂಗಮಾರಿ ಹಬ್ಬಿತು. ಈ ಶಿಲೀಂಧ್ರ ಬಲಿತ ಎಲೆಯನ್ನು ಏನೂ ಮಾಡಲಾರದು, ತಾಮ್ರಬಣ್ಣದ ಎಳೆ ಚಿಗುರೇ ಅದಕ್ಕೆ ಬೇಕು. ಚಿಗುರು ಬಂತು, ಕರಟಿ ಉದುರಿತು. ಮರ ಮತ್ತೆ ಚಿಗುರಿತು, ಅದೂ ಉದುರಿತು. ಹೀಗೆ ಕಾಂಡದಲ್ಲಿ ಕೂಡಿಟ್ಟ ಪಿಷ್ಟವೆಲ್ಲ ಖರ್ಚಾದ ಮೇಲೆ ಕೊಂಬೆಗಳು ತುದಿಯಿಂದ ಒಣಗುತ್ತ ಬರುತ್ತವೆ. ಫೋರ್ಡ್ ಕಂಪನಿ 1934ರಲ್ಲಿ ಬೆಲ್ಟೆರಾ ಎಂಬಲ್ಲಿ ಹೊಸ ತೋಟ ಹಾಕಿ ನೋಡಿತು. 1945ರಲ್ಲಿ ಎಲ್ಲವನ್ನೂ ಬ್ರೆಜಿಲ್ ಸರಕಾರಕ್ಕೇ ಮಾರಿ ಕೈತೊಳೆದುಕೊಂಡಿತು.

ರಬ್ಬರಿನ ತವರು ಇಂದು ಜಗತ್ತಿನ ರಬ್ಬರಿನಲ್ಲಿ ಸಣ್ಣ ಪಾಲನ್ನಷ್ಟೇ ಕೊಡುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಏಷ್ಯಾದ್ದು. ವಿಕ್‌ಹ್ಯಾಮ್ ತಂದದ್ದು ಎಲೆಯಿರುವ ಸಸಿಯನ್ನಲ್ಲ, ಬೀಜವನ್ನು. ಎಲೆಯ ರೋಗ ಹಿಂದೆಯೇ ಉಳಿಯಿತು. ಅಂದಿನಿಂದ ಇಂದಿನವರೆಗೆ ಅದು ಏಷ್ಯಾಕ್ಕೆ ಕಾಲಿಟ್ಟಿಲ್ಲ. 1956ರಲ್ಲಿ ಈ ಭಾಗದ ಹಲವು ದೇಶಗಳು ಸೇರಿ ಸಸ್ಯಸಂರಕ್ಷಣೆಯ ಒಪ್ಪಂದ ಮಾಡಿಕೊಂಡಾಗ ಈ ಒಂದೇ ರೋಗಕ್ಕಾಗಿ ಪ್ರತ್ಯೇಕ ಅನುಬಂಧ ಬರೆದರು. ನಮ್ಮ 2003ರ ಆದೇಶದಲ್ಲೂ ದಕ್ಷಿಣ ಅಮೆರಿಕದ ರಬ್ಬರ್ ಗಿಡ ನಿಷೇಧದ ಪಟ್ಟಿಯಲ್ಲಿದೆ. ಸುಳ್ಯದಲ್ಲಿ ರಬ್ಬರ್ ಎಲೆ ಉದುರಿಸಿ ಚಿಗುರುವುದು ಮಳೆಯಿಲ್ಲದ ತಿಂಗಳುಗಳಲ್ಲಿ, ಶಿಲೀಂಧ್ರಕ್ಕೋ ತೇವ ಬೇಕು, ಹಾಗಾಗಿ ಬಂದರೂ ನಾವು ಬಚಾವಾಗಬಹುದು ಎಂದು ಯಾರಾದರೂ ವಾದಿಸಬಹುದು. ಬ್ರೆಜಿಲಿನಲ್ಲೇ ಈಗ ರಬ್ಬರ್ ಹೆಚ್ಚು ಬೆಳೆಯುವುದು ಚಿಗುರುವ ಕಾಲಕ್ಕೆ ಒಣಹವೆ ಇರುವ ಸಾವೊ ಪಾಲೊದಲ್ಲಿ. ಆದರೆ ನರ್ಸರಿಯ ಎಳೆ ಸಸಿಗೆ ಹನ್ನೆರಡು ತಿಂಗಳೂ ಚಿಗುರೇ, ನಮ್ಮಲ್ಲಿ ಆರು ತಿಂಗಳು ಮಳೆಯೇ. ಟ್ಯಾಪಿಂಗಿನಿಂದ ಹೊಟ್ಟೆ ಹೊರೆಯುವ ಅಷ್ಟು ಮನೆಗಳನ್ನು ಪಣಕ್ಕಿಟ್ಟು ಆ ಪರೀಕ್ಷೆ ಮಾಡುವ ಧೈರ್ಯ ನನಗಂತೂ ಇಲ್ಲ.

ಹೊಸ ಹಣ್ಣುಗಳ ವಿಷಯ ಇದಕ್ಕಿಂತ ಒಂದು ಗಂಟು ಹೆಚ್ಚು ತೊಡಕಿನದ್ದು. ಭತ್ತವನ್ನೋ ಅಲಸಂಡೆಯನ್ನೋ ಒಣಗಿಸಿ ಡಬ್ಬದಲ್ಲಿ ಹಾಕಿಟ್ಟರೆ ಮುಂದಿನ ವರ್ಷ ಬಿತ್ತಬಹುದು. ರಂಬುಟಾನ್, ಮ್ಯಾಂಗೋಸ್ಟೀನ್, ಡುರಿಯನ್, ಕೊಕ್ಕೊ, ರಬ್ಬರ್, ಇವುಗಳ ಬೀಜ ಒಣಗಿದರೆ ಸತ್ತಿತು. ಮಳೆಕಾಡಿನ ಮರಗಳಿಗೆ ಬೀಜ ಕಾಪಿಟ್ಟು ಕಾಯುವ ಅಗತ್ಯವೇ ಇರಲಿಲ್ಲ. ಬಿದ್ದ ವಾರದಲ್ಲೇ ಮೊಳೆಯುವ ಜಾತಿ ಅವು. ಹಲಸಿನ ಬೀಜವನ್ನು ಮಣ್ಣು ಮೆತ್ತಿ ತೇವ ಆರದಂತೆ ಇಟ್ಟ ಅಜ್ಜಿಯಂದಿರಿಗೆ ಈ ಗುಣ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಇಂಥ ಗಿಡ ತರಬೇಕಾದರೆ ಒದ್ದೆ ಬೀಜವನ್ನೋ, ಹಸಿ ಕಸಿಕಡ್ಡಿಯನ್ನೋ, ಮಣ್ಣಿನ ತೊಟ್ಟೆಯ ಸಸಿಯನ್ನೋ ತರಬೇಕು. ಗಿಡಕ್ಕೆ ಜೀವ ಹಿಡಿಯಲು ಬೇಕಾದ ತೇವವೇ ಶಿಲೀಂಧ್ರಕ್ಕೂ, ಜಂತುಹುಳಕ್ಕೂ, ಹಿಟ್ಟು ತಿಗಣೆಗೂ ಬೇಕಾದದ್ದು. ಸೂಟ್‌ಕೇಸಿನ ಬಟ್ಟೆಗಳ ನಡುವೆ ಒದ್ದೆ ಹತ್ತಿಯಲ್ಲಿ ಸುತ್ತಿ ತಂದ ಕಡ್ಡಿಯಲ್ಲಿ ಇಬ್ಬರೂ ಬದುಕಿಕೊಳ್ಳುತ್ತಾರೆ.

ಹೊರಗಿನಿಂದ ಬಂದ ಇಂಥವರಲ್ಲಿ ಒಬ್ಬರನ್ನು ನೋಡಬೇಕಾದರೆ ದೂರ ಹೋಗುವುದು ಬೇಡ. ಯಾವುದಾದರೂ ಗಿಡ್ಡ ತೆಂಗಿನ ಬುಡದಲ್ಲಿ ನಿಂತು ಕೆಳಗಿನ ಮಡಲನ್ನು ತಿರುಗಿಸಿ ನೋಡಿ. ಗರಿಯ ಅಡಿಭಾಗದಲ್ಲಿ ಬಿಳಿ ಮೇಣದ ಸುರುಳಿಗಳು ಕಾಣಬಹುದು. ಹೆಣ್ಣು ನೊಣ ಸುತ್ತುತ್ತ ಸುತ್ತುತ್ತ ಮೊಟ್ಟೆಯಿಟ್ಟು ಮೇಲೆ ಮೇಣದ ಪುಡಿ ಉದುರಿಸಿದ ಗುರುತು ಅದು. ಮರಿಗಳು ರಸ ಹೀರಿ ಸಿಹಿ ಅಂಟನ್ನು ಹೊರಹಾಕುತ್ತವೆ. ಅದು ಕೆಳಗಿನ ಗರಿಯ ಮೇಲೆ, ಬಾಳೆಯ ಮೇಲೆ, ಮೆಣಸಿನ ಬಳ್ಳಿಯ ಮೇಲೆ ಬೀಳುತ್ತದೆ. ಅಲ್ಲಿ ಮಸಿಯಂಥ ಬೂಷ್ಟು ಬೆಳೆದು ಎಲೆ ಕಪ್ಪಾಗುತ್ತದೆ. ಮಧ್ಯ ಅಮೆರಿಕದ ಈ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ಕಾಣಿಸಿಕೊಂಡಿತು. ಕೇರಳಕ್ಕೂ ನಮ್ಮ ಕರಾವಳಿಗೂ ಹಬ್ಬಲು ಹೆಚ್ಚು ಕಾಲ ಬೇಕಾಗಲಿಲ್ಲ. ಎನ್ಕಾರ್ಸಿಯಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ ಅದರ ಮರಿಗಳೊಳಗೆ ಮೊಟ್ಟೆಯಿಟ್ಟು ಕೊಲ್ಲುತ್ತದೆ, ಅದೂ ಇಲ್ಲಿ ತಾನಾಗಿ ಕಾಣಿಸಿಕೊಂಡದ್ದು ನಮ್ಮ ಅದೃಷ್ಟ. ಅದಕ್ಕೇ ತೆಂಗಿಗೆ ಕೀಟನಾಶಕ ಹೊಡೆಯಬೇಡಿ, ಕಣಜವನ್ನು ಬದುಕಲು ಬಿಡಿ ಎಂದು ವಿಜ್ಞಾನಿಗಳು ಹೇಳುವುದು.

ಅದೃಷ್ಟ ಎಲ್ಲ ಸಲ ಇರುವುದಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಗೆ ಇಲ್ಲಿ ಯಾವ ಶತ್ರುವೂ ಇರಲಿಲ್ಲ. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಎಲ್ಲ ಬಿಳಿ ಹಿಟ್ಟು ಬಳಿದಂತಾದವು. ಕೊನೆಗೆ 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಪ್ಯುಯೆರ್ಟೊ ರಿಕೊದಿಂದ ಪರೋಪಜೀವಿ ಕಣಜಗಳನ್ನು ಪರವಾನಿಗೆ ಪಡೆದು ತರಿಸಿತು. ಕ್ವಾರಂಟೈನಿನಲ್ಲಿ ಪರೀಕ್ಷೆ ಮಾಡಿ, ಸಾಕಿ, ಹಂಚಿದ ಮೇಲೆ ಹಾವಳಿ ಇಳಿಯಿತು. ಹೊರಗಿನ ಜೀವಿಯನ್ನು ತರಬಾರದೆಂಬ ಹಠ ಕಾಯಿದೆಗೆ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಗಿಡವೇ ಪೀಡೆಯಾದದ್ದೂ ಉಂಟು. ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದದ್ದು ಹೂವಿನ ಚಂದಕ್ಕೆ. ನಮ್ಮ ಗುಡ್ಡೆಗಳಲ್ಲಿ ಕಮ್ಯುನಿಸ್ಟ್ ಗಿಡ ಹಬ್ಬಿದ ಪರಿ ಎಲ್ಲರಿಗೂ ಗೊತ್ತು. ಅಂಗಳದ ಅಂಚಿಗೆ ಹಳದಿ ಹೂವಿನ ವೆಡೇಲಿಯಾ ನೆಟ್ಟವರು ಅದು ತೋಡಿನ ಬದಿಗೆ ಇಳಿದದ್ದನ್ನು ಈಗ ನೋಡುತ್ತಿದ್ದಾರೆ.

ಗಿಡ ಶತ್ರುಗಳನ್ನು ಬಿಟ್ಟು ಬರುವಾಗ ಮಿತ್ರರನ್ನೂ ಬಿಟ್ಟು ಬರುತ್ತದೆ. ವೆನಿಲ್ಲಾದ ಅಮಲು ಏರಿದ್ದ 2000ದ ಆಸುಪಾಸಿನ ವರ್ಷಗಳಲ್ಲಿ ಪುತ್ತೂರು, ಸುಳ್ಯದ ಮನೆಮಂದಿ ಬೆಳಗಾದರೆ ಕಡ್ಡಿ ಹಿಡಿದು ಬಳ್ಳಿಯ ಬುಡಕ್ಕೆ ಹೋಗುತ್ತಿದ್ದದ್ದು ಇದೇ ಕಾರಣಕ್ಕೆ. ಮೆಕ್ಸಿಕೋದ ಆ ಹೂವಿಗೆ ಪರಾಗಸ್ಪರ್ಶ ಮಾಡುವ ಜೇನು ಇಲ್ಲಿಲ್ಲ. ಹೂ ಅರಳಿದ ದಿನ ಮಧ್ಯಾಹ್ನದೊಳಗೆ ಅದರ ಒಳಗಿನ ಪೊರೆಯನ್ನು ಕಡ್ಡಿಯಿಂದ ಮೇಲೆತ್ತಿ ಪರಾಗವನ್ನು ಬೆರಳಿನಿಂದ ಒತ್ತಬೇಕು. ಆ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ಗುಲಾಮನಾಗಿದ್ದ ಹನ್ನೆರಡರ ಹುಡುಗ.

ಹಾಗಾದರೆ ನೇರ ದಾರಿಯಲ್ಲಿ ಗಿಡ ಬರುವುದು ಹೇಗೆ? ಅದರ ಉತ್ತರ ಈ ತಾಲೂಕುಗಳ ಒಳಗೇ ಇದೆ. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿರುವ ನೆಟ್ಟಣದ ಹತ್ತಿರ, ಕಡಬ ತಾಲೂಕಿನ ಕಿದುವಿನಲ್ಲಿ, ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಫಾರ್ಮ್ ಇದೆ. ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಭಂಡಾರ ಇರುವುದು ಅಲ್ಲಿ. ಜಗತ್ತಿನಲ್ಲಿ ಇಂಥವು ಐದೇ. ಉಳಿದವು ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲಿನಲ್ಲಿವೆ. ಹಿಂದೂ ಮಹಾಸಾಗರದ ಮಾರಿಷಸ್, ಮಡಗಾಸ್ಕರ್, ಸೆಶೆಲ್ಸ್ ದ್ವೀಪಗಳ ತೆಂಗಿಗಾಗಿ ಹೋದ ವಿಜ್ಞಾನಿಗಳು ತಂದದ್ದು ತೆಂಗಿನಕಾಯಿಯನ್ನಲ್ಲ. ಕಾಯಿಯ ಮೃದುಗಣ್ಣಿನ ಕೆಳಗೆ ತಿರುಳಿನಲ್ಲಿ ನೆಲಗಡಲೆ ಬೀಜಕ್ಕಿಂತ ಸಣ್ಣದಾದ ಭ್ರೂಣವಿರುತ್ತದೆ. ತಿರುಳಿನ ಬಿಲ್ಲೆ ಕೊರೆದು, ಕ್ಲೋರಿನ್ ನೀರಿನಲ್ಲಿ ತೊಳೆದು, ಭ್ರೂಣವನ್ನಷ್ಟೇ ಬಿಡಿಸಿಕೊಂಡು ತಂದರು. ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಪೋಷಕಾಂಶದ ಮೇಲೆ ಅದು ಮೊಳೆತು, ಬೇರುಬಿಟ್ಟು, ನಿಧಾನಕ್ಕೆ ಮಣ್ಣಿಗೆ ಇಳಿಯಿತು. ಮಣ್ಣಿಲ್ಲ, ಸಿಪ್ಪೆಯಿಲ್ಲ, ಹುಳವಿಲ್ಲ. ಅದಕ್ಕೂ ಮೊದಲು, 1980ರ ದಶಕದ ಆರಂಭದಲ್ಲಿ, ಪೆಸಿಫಿಕ್ ದ್ವೀಪಗಳಿಂದ ತಂದ ತೆಂಗುಗಳನ್ನು ಮುಖ್ಯಭೂಮಿಗೆ ತರದೆ ಅಂಡಮಾನಿನಲ್ಲಿ ನೆಟ್ಟರು. ಸುತ್ತಲೂ ಸಮುದ್ರವಿರುವ ಕ್ವಾರಂಟೈನ್ ಅದು.

ಇಷ್ಟು ಹೆದರಿಕೆ ಯಾರದ್ದು? ಫಿಲಿಪೀನ್ಸಿನ ಕಡಂಗ್-ಕಡಂಗ್ ಎಂಬ ರೋಗದ್ದು. ಮೂರು ಕೋಟಿಗೂ ಹೆಚ್ಚು ತೆಂಗನ್ನು ಅದು ಕೊಂದಿದೆ. ಕಾರಣ ಒಂದು ವೈರಾಯ್ಡ್. ವೈರಸ್ಸಿಗಿರುವ ಪ್ರೋಟೀನ್ ಕವಚವೂ ಇಲ್ಲದ, ಬರೇ 246 ಅಕ್ಷರಗಳ ಆರ್‌ಎನ್‌ಎ ತುಂಡು. ಮೊದಲು ಕಾಯಿ ಸಣ್ಣದಾಗಿ ಉರುಟಾಗುತ್ತದೆ, ಆಮೇಲೆ ಗರಿಯಲ್ಲಿ ಹಳದಿ ಚುಕ್ಕೆ, ಹಿಂಗಾರ ನಿಲ್ಲುತ್ತದೆ. ಮರ ಸಾಯಲು ಹತ್ತು ಹದಿನೈದು ವರ್ಷ ಹಿಡಿಯಬಹುದು. ಅಷ್ಟು ವರ್ಷ ಗಟ್ಟಿಮುಟ್ಟಾಗಿ ಕಾಣುವ ಗಿಡವನ್ನು ವಿಮಾನ ನಿಲ್ದಾಣದ ಅಧಿಕಾರಿ ಭೂತಗನ್ನಡಿ ಹಿಡಿದು ನೋಡಿ ಏನು ಹೇಳಿಯಾನು? ಭ್ರೂಣದಲ್ಲೂ ಆ ವೈರಾಯ್ಡ್ ಪತ್ತೆಯಾಗಿದೆ. ಆದ್ದರಿಂದ ರೋಗವಿಲ್ಲದ ನಾಡನ್ನು ಆರಿಸುವುದೇ ಮೊದಲ ಕೆಲಸ. ಪಪುವಾ ನ್ಯೂಗಿನಿಯ ತಳಿ ಭಂಡಾರದ ಬಾಗಿಲಿಗೆ ಬೋಗಿಯಾ ಎಂಬ ಇನ್ನೊಂದು ತೆಂಗಿನ ರೋಗ ಬಂದು ನಿಂತ ಮೇಲೆ ಕಿದುವಿನಂಥ ಜಾಗದ ಬೆಲೆ ಇನ್ನೂ ಹೆಚ್ಚಿದೆ.

ಕೊಕ್ಕೊಗೆ ಇನ್ನೊಂದು ದಾರಿ. ವಿಟ್ಲದ ಸಿಪಿಸಿಆರ್‌ಐ ಕೇಂದ್ರಕ್ಕೆ ಹೊರದೇಶದ ಕೊಕ್ಕೊ ತಳಿಗಳು ಬರುವುದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಗಾಜಿನಮನೆಯ ಮೂಲಕ. ಕೊಕ್ಕೊ ಬೆಳೆಯದ ಚಳಿಯ ದೇಶದಲ್ಲಿ ಯಾಕೆ? ಬೆಳೆಯುವುದಿಲ್ಲವೆಂದೇ! ಗಾಜಿನಮನೆಯಿಂದ ಹುಳ ತಪ್ಪಿಸಿಕೊಂಡರೆ ಹೊರಗೆ ತಿನ್ನಲು ಕೊಕ್ಕೊ ಇಲ್ಲ, ಬದುಕಲು ಬಿಸಿಯೂ ಇಲ್ಲ. ಅಲ್ಲಿ ಹೊಸ ತಳಿಯ ಮೊಗ್ಗುಗಳನ್ನು ಅಮೆಲೊನಾಡೊ ಎಂಬ ಸೂಕ್ಷ್ಮ ತಳಿಯ ಸಸಿಗಳಿಗೆ ಕಸಿ ಕಟ್ಟುತ್ತಾರೆ. ತನ್ನಲ್ಲಿ ವೈರಸ್ ಅಡಗಿದ್ದರೂ ಹೊಸ ತಳಿ ತೋರಿಸಿಕೊಳ್ಳದೆ ಇರಬಹುದು. ಅಮೆಲೊನಾಡೊ ಮಾತ್ರ ಚಿಗುರಿನ ನರಗಳಲ್ಲಿ ಕೆಂಪಾಗಿಯೋ, ರೆಂಬೆ ಊದಿಯೋ ಗುಟ್ಟು ಬಿಟ್ಟುಕೊಡುತ್ತದೆ. ಎರಡು ವರ್ಷದ ಕಾವಲು ಮುಗಿದ ಮೇಲೆ ಕಡ್ಡಿಗಳಿಗೆ ಹೊರಡಲು ಅಪ್ಪಣೆ. ಇದೇ ರೆಂಬೆ ಊದುವ ರೋಗಕ್ಕಾಗಿ ಘಾನಾದಲ್ಲಿ 20 ಕೋಟಿಗೂ ಹೆಚ್ಚು ಕೊಕ್ಕೊ ಮರ ಕಡಿದಿದ್ದಾರೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಓಡುತ್ತಿರುವ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆಯ ಹಿಂದೆ ಇಂಥ ತಾಳ್ಮೆಯ ಕೆಲಸವೂ ಇದೆ ಎಂದು ಚಾಕಲೇಟ್ ತಿನ್ನುವವರಿಗೆ ತಿಳಿದಿರುವುದಿಲ್ಲ.

ಅಡಿಕೆಯವರಿಗೆ ಬೇರೆ ಸಾಕ್ಷಿ ಬೇಡ. 1972ರಲ್ಲಿ ವಿಟ್ಲದಿಂದ ಬಿಡುಗಡೆಯಾದ ‘ಮಂಗಳ’ ತಳಿ ಚೀನಾದಿಂದ ತರಿಸಿದ ಅಡಿಕೆಯಿಂದ ಆರಿಸಿದ್ದು. ‘ಸುಮಂಗಳ’ ಇಂಡೋನೇಷ್ಯಾದ್ದು, ‘ಶ್ರೀಮಂಗಳ’ ಸಿಂಗಾಪುರದ್ದು. ಸಂಸ್ಥೆ ತರಿಸಿತು, ವರ್ಷಗಟ್ಟಲೆ ನೋಡಿತು, ಆಮೇಲೆ ಕೊಟ್ಟಿತು.

ಇಲ್ಲಿಯವರೆಗೆ ಕಾಯಿದೆಯ ಪರ ವಕಾಲತ್ತು ಮಾಡಿದ್ದೇನೆ. ಈಗ ಅದರ ಮೇಲಿನ ದೂರು. ಸಂಸ್ಥೆಗಳಿಗೆ ಇರುವ ಈ ದಾರಿ ಸಾಮಾನ್ಯ ಕೃಷಿಕನಿಗೆ ಇಲ್ಲ. ಸ್ವಂತಕ್ಕೆ ತರಿಸುವವರು ಪ್ರತ್ಯೇಕ ಬೆಳೆಸುವ ವ್ಯವಸ್ಥೆಯನ್ನು ತಮ್ಮ ಖರ್ಚಿನಲ್ಲೇ ಮಾಡಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕು. ನಾಲ್ಕು ಡುರಿಯನ್ ಗಿಡ ನೆಡುವವನಿಗೆ ಅದು ಆಗುವ ಹೋಗುವ ಮಾತಲ್ಲ. ಸಂಶೋಧನಾ ಸಂಸ್ಥೆಗಳ ಆದ್ಯತೆ ಅವುಗಳ ಬೆಳೆಗಳಿಗೆ. ಜಬೋಟಿಕಾಬ, ಅಬಿಯು, ಡುರಿಯನ್ ಕೇಳುವವರಿಗೆ ಅಲ್ಲಿ ಕುರ್ಚಿಯಿಲ್ಲ. ಫಲಿತಾಂಶ ಎಲ್ಲರಿಗೂ ಗೊತ್ತಿರುವಂಥದ್ದೇ. ಬಾಗಿಲು ತೆರೆಯದಿದ್ದರೆ ಕಿಟಕಿಯಿಂದ ಬರುತ್ತದೆ. ಹಾಗೆ ಬಂದ ಗಿಡ ನರ್ಸರಿ ಸೇರಿ, ಹೆಸರು ಬದಲಿಸಿಕೊಂಡು, ಊರೂರು ಸುತ್ತಿದ ಮೇಲೆ ಎಲ್ಲಿಂದ ಬಂತೆಂದು ಯಾವ ವಿಜ್ಞಾನಿಯೂ ಹೇಳಲಾರ. ಕಾಯಿದೆಗೆ ಬೇಕಾಗಿದ್ದದ್ದು ಮೂಲದ ಲೆಕ್ಕ, ಅದೇ ಕೈತಪ್ಪುತ್ತದೆ. ಕೃಷಿಕ ಸಂಘಗಳು ಹೆಸರಿಸಿದ ಹತ್ತಿಪ್ಪತ್ತು ಹಣ್ಣುಗಳನ್ನು ವರ್ಷಕ್ಕೊಮ್ಮೆ ಒಟ್ಟಾಗಿ ತರಿಸಿ, ಸರಕಾರಿ ಕ್ವಾರಂಟೈನಿನಲ್ಲೇ ಕಾಯಿಸಿ, ಶುದ್ಧ ಕಸಿಕಡ್ಡಿಯನ್ನು ಬೆಲೆಗೆ ಕೊಡುವ ವ್ಯವಸ್ಥೆ ಕಷ್ಟದ್ದೇನಲ್ಲ. ಕೊಕ್ಕೊಗೆ ಆಗುವುದು ಮ್ಯಾಂಗೋಸ್ಟೀನಿಗೆ ಯಾಕಾಗಬಾರದು?

ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ವಿದೇಶಿ ಅಡಿಕೆ ಒಳಗೆ ಬರಬಾರದು, ಬೇಲಿ ಬಿಗಿ ಮಾಡಿ ಎಂದು ದೊಡ್ಡ ದನಿಯಲ್ಲಿ ಕೇಳುವವರು ನಮ್ಮ ಕೃಷಿಕರೇ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದಾಗ ಖುಷಿಪಟ್ಟವರೂ ಅವರೇ. ಕಳ್ಳದಾರಿಯ ಅಡಿಕೆ ಕೆಡಿಸುವುದು ಮಾರುಕಟ್ಟೆಯನ್ನು ಮಾತ್ರ. ಕಳ್ಳದಾರಿಯ ಗಿಡ ಕೆಡಿಸಿದರೆ ತೋಟವನ್ನೇ. ಸಂಪಾಜೆ ಕಡೆಯ ಅಡಿಕೆ ತೋಟಗಳಿಗೆ ಹಳದಿ ರೋಗ ಏನು ಮಾಡಿದೆಯೆಂದು ನೋಡಿದವರಿಗೆ, ಮದ್ದಿಲ್ಲದ ರೋಗವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ವ್ಯವಸ್ಥೆ ಸರಿಯಾಗುವವರೆಗೆ ಏನು ಮಾಡಬಹುದು? ರಂಬುಟಾನ್ ಬೇಕಿದ್ದವರು ಕ್ವಾಲಾಲಂಪುರಕ್ಕೆ ಹೋಗಬೇಕಾಗಿಲ್ಲ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ದಾಟಿದರೆ ಚೆಟ್ಟಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ‘ಅರ್ಕಾ ಕೂರ್ಗ್ ಅರುಣ್’ ಎಂಬ ಕೆಂಪು ರಂಬುಟಾನ್ ಅಲ್ಲಿ ಆರಿಸಿದ ತಳಿ. ಬೆಣ್ಣೆಹಣ್ಣಿನ ತಳಿಗಳೂ ಅಲ್ಲಿವೆ. ನರ್ಸರಿಯಿಂದ ಗಿಡ ಕೊಳ್ಳುವಾಗ ತಾಯಿಮರ ಎಲ್ಲಿಯದ್ದೆಂದು ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಕೊಂಡು ತಂದ ಸಸಿಯನ್ನು ಒಂದೆರಡು ತಿಂಗಳು ತೋಟದಿಂದ ದೂರವೇ ಇಟ್ಟು ಎಲೆಯ ಅಡಿಭಾಗ ನೋಡುತ್ತಿರಿ. ಹಿಂದೆ ಕಂಡಿರದ ಹುಳವೋ ಚುಕ್ಕೆಯೋ ಕಂಡರೆ ವಾಟ್ಸಾಪ್ ಗುಂಪಿನಲ್ಲಿ ಮದ್ದು ಕೇಳುವ ಮೊದಲು ಆ ಎಲೆಯನ್ನು ಗಾಳಿಯಾಡದ ತೊಟ್ಟೆಯಲ್ಲಿ ಕಟ್ಟಿ ವಿಟ್ಲಕ್ಕೆ ಕೊಂಡುಹೋಗಿ ತೋರಿಸಿ.